ಮೂವತ್ತು ನಿಮಿಷದ ಪಿಜ್ಜಾ, ಒಂದು ಹಳೇ ಕಲಂ

ಜನವರಿ ಬಂತೆಂದರೆ ಕಂಪನಿಗಳಲ್ಲಿ ರಸ್ತೆ ಸುರಕ್ಷತೆಯ ಹಬ್ಬ. ಗೇಟಿನಲ್ಲಿ ಬ್ಯಾನರ್, ಕ್ಯಾಂಟೀನಿನಲ್ಲಿ ಪೋಸ್ಟರ್, ಹೆಲ್ಮೆಟ್ ಹಾಕಿಕೊಳ್ಳುತ್ತೇವೆ ಅಂತ ಸಾಮೂಹಿಕ ಪ್ರತಿಜ್ಞೆ, ಆಮೇಲೆ ಸಮೋಸ. (ಮೊದಲು ಸಪ್ತಾಹವಿತ್ತು, 2021ರಲ್ಲಿ ಮೊದಲ ಸಲ ಇಡೀ ತಿಂಗಳಾಯಿತು!) ಬೇಡ ಅನ್ನುವುದಿಲ್ಲ. ಆದರೆ ನೌಕರ ಗಾಡಿ ಹೇಗೆ ಓಡಿಸುತ್ತಾನೆ ಅನ್ನುವುದಕ್ಕೆ ಪೋಸ್ಟರಿಗಿಂತ ಕಂಪನಿ ಕೊಟ್ಟ ಗಡುವೇ ದೊಡ್ಡ ಮೇಷ್ಟ್ರು. ಡಾಮಿನೋಸ್ ಕತೆ ಕೇಳಿ.

1960ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಟಾಮ್ ಮೊನಾಗನ್ ಸಹೋದರನ ಜೊತೆ ಸೇರಿ ಕೊಂಡ ಒಂದು ಪುಟ್ಟ ಅಂಗಡಿ ಅದು. 1980ರ ದಶಕದಲ್ಲಿ ಅದನ್ನು ಮನೆಮಾತಾಗಿಸಿದ್ದು ಒಂದೇ ಒಂದು ಮಾತು: ಮೂವತ್ತು ನಿಮಿಷದಲ್ಲಿ ಬರದಿದ್ದರೆ ಪಿಜ್ಜಾ ಪುಕ್ಕಟೆ. ಮುಂದೆ ಪುಕ್ಕಟೆ ಹೋಗಿ ಮೂರು ಡಾಲರ್ ರಿಯಾಯಿತಿ ಬಂತು. ಗಡುವು ಹಾಗೇ ಉಳಿಯಿತು. ಹುಡುಗರು ಅಪಘಾತ ಮಾಡಿಕೊಳ್ಳುತ್ತಿದ್ದಾರೆ ಅಂತ ಕೂಗೆದ್ದಾಗ ಕಂಪನಿಯ ಉತ್ತರ ಸಿದ್ಧವಿತ್ತು. ನಾವು ಸಮಯ ಉಳಿಸುವುದು ಅಡುಗೆಮನೆಯಲ್ಲಿ, ರಸ್ತೆಯಲ್ಲಲ್ಲ, ಜೋರಾಗಿ ಓಡಿಸು ಅಂತ ಯಾರಿಗೂ ಹೇಳಿಲ್ಲ. ನಿಜವೇ ಇರಬಹುದು. ಆದರೆ ಒಲೆಯ ಹತ್ತಿರ ಐದು ನಿಮಿಷ ತಡವಾದರೆ ಅದನ್ನು ಸರಿದೂಗಿಸಬೇಕಾದವನು ಯಾರು ಸ್ವಾಮಿ?

1989ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆಂಪು ದೀಪ ದಾಟಿ ಬಂದ ಪಿಜ್ಜಾ ಗಾಡಿಯೊಂದು ಒಬ್ಬ ಮಹಿಳೆಯ ಕಾರಿಗೆ ಗುದ್ದಿತು. ಕೇಸು 1993ರ ಡಿಸೆಂಬರಿಗೆ ತೀರ್ಮಾನವಾಯಿತು. ಜ್ಯೂರಿ ವಿಧಿಸಿದ್ದು ಸುಮಾರು 7.9 ಕೋಟಿ ಡಾಲರ್! ಅದರಲ್ಲಿ ಬಹುಪಾಲು ನಷ್ಟಕ್ಕಲ್ಲ, ದಂಡನೆಗೆ. (ಆಮೇಲೆ ಕಡಿಮೆ ಮೊತ್ತಕ್ಕೆ ರಾಜಿಯಾಯಿತು.) ಕೆಲವೇ ದಿನಗಳಲ್ಲಿ ಮೊನಾಗನ್ ಗಡುವನ್ನು ಕೈಬಿಟ್ಟರು. ಆದರೆ ಅಮೆರಿಕದಲ್ಲಿ ಮಾತ್ರ. ದಕ್ಷಿಣ ಕೊರಿಯಾದಲ್ಲಿ ಅದು ನಿಲ್ಲಲು 2011ರವರೆಗೆ ಇನ್ನಷ್ಟು ಹುಡುಗರು ಸಾಯಬೇಕಾಯಿತು.

ಇನ್ನು ನಮ್ಮ ದೇಶ. ಇಲ್ಲೊಂದು ಸ್ವಾರಸ್ಯವಿದೆ ನೋಡಿ. ಪಿಜ್ಜಾ ಅಂದರೇನು ಅಂತ ನಮಗೆ ಗೊತ್ತಿಲ್ಲದ ಕಾಲದಲ್ಲೇ, 1939ರ ಮೋಟಾರು ವಾಹನ ಕಾಯ್ದೆ ಈ ಗಡುವಿನ ವಿಷಯ ಯೋಚಿಸಿತ್ತು. ಮುಂದೆ ಅದೇ ಮಾತು 1988ರ ಕಾಯ್ದೆಯ 183ನೇ ಕಲಮಿಗೆ ಬಂತು. ವೇಗಮಿತಿ ಮೀರದೆ ಮುಟ್ಟಲಾಗದಂಥ ವೇಳಾಪಟ್ಟಿ ಹಾಕಿದರೆ, ಅಥವಾ ಇಷ್ಟು ಹೊತ್ತಿಗೆ ಮುಟ್ಟು ಅಂತ ಆದೇಶ ಕೊಟ್ಟರೆ, ಅದೇ ಸಾಕು. ಚಾಲಕನಿಂದ ವೇಗಮಿತಿ ಮೀರಿಸಿದ ಅಪರಾಧಕ್ಕೆ ಆ ವೇಳಾಪಟ್ಟಿ, ಆ ಆದೇಶವೇ ಮೇಲ್ನೋಟದ ಸಾಕ್ಷಿ. ಬಸ್ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು, ಬರೆದವರಿಗೆ ನನ್ನದೊಂದು ನಮಸ್ಕಾರ.

2022ರ ಮಾರ್ಚಿನಲ್ಲಿ ಜೊಮ್ಯಾಟೊ ಹತ್ತು ನಿಮಿಷದಲ್ಲಿ ಊಟ ಅಂತ ಘೋಷಿಸಿದಾಗ ಗದ್ದಲವೆದ್ದಿತು. ತಡವಾದರೆ ದಂಡವಿಲ್ಲ, ಗ್ರಾಹಕರಿಗೆ ಹೇಳಿದ ಸಮಯ ತಲುಪಿಸುವವರಿಗೆ ತಿಳಿಸುವುದೇ ಇಲ್ಲ ಅಂದರು ಸಂಸ್ಥಾಪಕ ದೀಪಿಂದರ್ ಗೋಯಲ್. ಡಾಮಿನೋಸ್‌ನ ಹಳೇ ರಾಗವೇ. ಇನ್ನೊಂದು ರಾಗ, ಅವರು ನಮ್ಮ ನೌಕರರಲ್ಲ, ಪಾಲುದಾರರು ಅನ್ನುವುದು. ಆದರೆ 183ನೇ ಕಲಂ ಬರೀ ನೌಕರ ಅಂತ ಹೇಳಿ ಸುಮ್ಮನಾಗಿಲ್ಲ. ತನ್ನ ಹತೋಟಿಯಲ್ಲಿ ಗಾಡಿ ಓಡಿಸುವವರನ್ನೂ ಸೇರಿಸಿದೆ.