ಕೆಮ್ಮಿದರೆ ಸೋರುತ್ತಾ? ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ

ನಮ್ಮ ಜಯಪುರದ ಕಡೆ ಹೆಂಗಸರು ಕೆಮ್ಮು ಬಂತು ಅಂದರೆ ಬಾಯಿಗೆ ಕೈ ಇಡೋಕೆ ಮುಂಚೆ ಕಾಲು ಹೆಣೆದುಕೊಳ್ಳುತ್ತಾರೆ. ಎರಡನೇ ಹೆರಿಗೆಯ ನಂತರ ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಯಾರಿಗೂ ಹೇಳಲಿಲ್ಲ. ಕೊನೆಗೊಮ್ಮೆ ಅಡಿಕೆ ಸುಲಿಯೋಕೆ ಕೂತಾಗ ಬಾಯಿಬಿಟ್ಟರೆ, ಸುತ್ತ ಕೂತವರಲ್ಲಿ ಅರ್ಧ ಜನಕ್ಕೆ ಅದೇ ಪಾಡು! ಎಲ್ಲರದ್ದೂ ಒಂದೇ ಮಾತು: 'ವಯಸ್ಸಾಯ್ತಲ್ಲ'.

ವಯಸ್ಸು ಒಂದು ಕಾರಣ ಅಷ್ಟೇ. ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯ ಹಾಗೆ ಕೆಲವು ಸ್ನಾಯುಗಳು ಹರಡಿವೆ. ಇದೇ ಪೆಲ್ವಿಕ್ ಫ್ಲೋರ್. ಮೂತ್ರಕೋಶ, ಗರ್ಭಕೋಶ, ಗುದನಾಳಕ್ಕೆ ಕೆಳಗಿನಿಂದ ಆಸರೆ ಇದರದ್ದು. ಮೂತ್ರ, ಮಲ, ವಾಯುವನ್ನು ತಡೆದು ಹಿಡಿಯೋಕೂ ಇದು ಬೇಕು. ಗಂಡಸರಿಗೂ ಇದೆ, ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಹೆರಿಗೆಯಲ್ಲಿ ಈ ಜೋಲಿ ವಿಪರೀತ ಹಿಗ್ಗುತ್ತದೆ. ಮತ್ತೆ ಬಿಗಿಯಾಗೋಕೆ ತಿಂಗಳುಗಳೇ ಬೇಕು. ಮಲೆನಾಡಿನ ಕೂಲಿ ಹೆಂಗಸಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಸೊಪ್ಪಿನ ಹೊರೆ, ಸೌದೆ, ಕಾಫಿ ಹಣ್ಣಿನ ಚೀಲ ಎತ್ತಿದಾಗೆಲ್ಲ ಹೊಟ್ಟೆಯ ಒತ್ತಡ ನೇರ ಕೆಳಗೆ ಬೀಳುತ್ತದೆ. ಬಿಡದ ಕೆಮ್ಮು, ಮಲಬದ್ಧತೆ ಮಾಡೋದೂ ಅದನ್ನೇ. ಸಾಲದ್ದಕ್ಕೆ ತೋಟದಲ್ಲಿ ಶೌಚಾಲಯ ಇಲ್ಲ ಅಂತ ನೀರೇ ಕುಡಿಯಲ್ಲ. ಗಟ್ಟಿ ಮೂತ್ರ ಮೂತ್ರಕೋಶವನ್ನು ಕೆಣಕುತ್ತದೆ, ಮಲಬದ್ಧತೆ ಹೆಚ್ಚುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕು ಅಂತಿತ್ತು. ಆದರೆ ಅದು ದೊಡ್ಡ ಎಸ್ಟೇಟುಗಳ ಮಾತು, ನಮ್ಮ ಸಣ್ಣ ಹಿಡುವಳಿಗಳಿಗೆ ಅನ್ವಯಿಸುತ್ತಲೇ ಇರಲಿಲ್ಲ.

ಇನ್ನು ವ್ಯಾಯಾಮ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿದುಕೊಂಡಿತು. ಹತ್ತು ಜನರ ಮಧ್ಯೆ ಗ್ಯಾಸ್ ತಡೆದುಕೊಳ್ಳೋ ಹಾಗೆ ಬಿಗಿಹಿಡಿದು, ಒಳಕ್ಕೂ ಮೇಲಕ್ಕೂ ಎಳೆಯಬೇಕು. ಐದು ಎಣಿಸಿ ನಿಧಾನ ಬಿಡಿ, ಅಷ್ಟೇ ಹೊತ್ತು ಸಡಿಲವಾಗಿರಿ. ರೂಢಿಯಾದಂತೆ ಹತ್ತರವರೆಗೆ ಹೋಗಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕಡಿಮೆ ಅಂದರೂ 3 ತಿಂಗಳು. ಎರಡು ವಾರ ಮಾಡಿ 'ಏನೂ ಆಗಲ್ಲ' ಅಂತ ಬಿಟ್ಟವಳು ನಾನೇ. ಮತ್ತೆ ಶುರು ಮಾಡಿದ ಮೇಲೆ ಮೂರನೇ ತಿಂಗಳಲ್ಲಿ ವ್ಯತ್ಯಾಸ ಕಂಡಿತು.

ಸಾಮಾನ್ಯ ತಪ್ಪೆಂದರೆ ಮೇಲೆಳೆಯುವ ಬದಲು ಮುಕ್ಕುವುದು. ಅದರಿಂದ ತೊಂದರೆ ಹೆಚ್ಚುತ್ತದೆ. ಉಸಿರು ಕಟ್ಟಬಾರದು, ತೊಡೆ, ಪೃಷ್ಠ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದೂ ಬೇಡ. ಕೆಮ್ಮುವ ಮೊದಲು, ಹೊರೆ ಎತ್ತುವ ಮೊದಲು ಒಮ್ಮೆ ಬಿಗಿಹಿಡಿಯಿರಿ. ಎತ್ತುವಾಗ ಉಸಿರು ಬಿಡಿ. ಸಂಭೋಗದಲ್ಲಿ ನೋವು, ಮೂತ್ರ ಸರಿಯಾಗಿ ಖಾಲಿಯಾಗದಿರುವುದು ಇದ್ದರೆ ಸ್ನಾಯು ಮೊದಲೇ ಅತಿಯಾಗಿ ಬಿಗಿದಿರಬಹುದು. ಅಂಥವರು ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ನೋಡದೆ ಶುರು ಮಾಡಬಾರದು. ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ.

ಕೆಳಗೆ ಗಡ್ಡೆ ಬಂದ ಹಾಗೆ, ಭಾರ ಜಗ್ಗಿದ ಹಾಗೆ ಅನಿಸಿದರೆ ಗರ್ಭಕೋಶ ಜಾರಿರಬಹುದು. ಆರಂಭದ ಹಂತದಲ್ಲಿ ವ್ಯಾಯಾಮ ನೆರವಾಗುತ್ತದೆ. ಹೆಚ್ಚಾಗಿದ್ದರೆ ಒಳಗಿಡುವ ಪೆಸರಿ ಎಂಬ ಉಂಗುರ ಇದೆ, ಸರಿಪಡಿಸುವ ಆಪರೇಷನ್ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಮೊದಲು ಕೇಳೋದೇ 'ತೆಗೆಸಿಬಿಡಿ'. ಗರ್ಭಕೋಶ ತೆಗೆದ ಮಾತ್ರಕ್ಕೆ ಸಡಿಲಾದ ಜೋಲಿ ಬಿಗಿಯಾಗಲ್ಲ. ಆಮೇಲೂ ಯೋನಿಯ ಮೇಲ್ಭಾಗ ಜಾರಬಹುದು, ಸೋರಿಕೆ ಉಳಿಯಬಹುದು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಲು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ. ಹಾಗಾಗಿ ಡಾಕ್ಟರು 'ತೆಗೆಸಿ' ಅಂದರೆ ಯಾಕೆ, ಬೇರೆ ದಾರಿ ಏನಿದೆ, ಪೆಸರಿ ಹಾಕಿ ನೋಡಬಹುದಾ ಅಂತ ಕೇಳಿ. ಇನ್ನೊಬ್ಬ ವೈದ್ಯರಿಗೂ ಒಮ್ಮೆ ತೋರಿಸಿ.