ಪ್ರೇಮದ ಮರೆಯಲ್ಲಿ ಬಂಡಾಯ: ‘ಹಂಗರ್ ಗೇಮ್ಸ್’ ಸರಣಿಯ ಮರುಓದು

ಸುವ್ಯವಸ್ಥೆಯ ಹೆಸರಿನಲ್ಲಿ ಮನುಷ್ಯರ ಸ್ವಾತಂತ್ರ್ಯವನ್ನು ಕಸಿದುಕೊಂಡ ಕಲ್ಪಿತ ಸಮಾಜಗಳನ್ನು ಚಿತ್ರಿಸುವ ಬರವಣಿಗೆಯನ್ನು ಡಿಸ್ಟೋಪಿಯಾ ಸಾಹಿತ್ಯವೆಂದು ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಬೆಳೆದುಬಂದ ಈ ಪ್ರಕಾರದ ಪ್ರಮುಖ ಕೃತಿಗಳಲ್ಲಿ, ಪ್ರಭುತ್ವದ ಕಣ್ಣು ತಲುಪಲಾರದೆಂದು ಪ್ರೇಮಿಗಳು ನಂಬಿದ ಜಾಗದಲ್ಲಿಯೇ ಅವರ ಸೋಲೂ ನಡೆಯುತ್ತದೆ. ರಷ್ಯಾದ ಯೆವ್ಗೆನಿ ಜಮ್ಯಾತಿನ್ ಬರೆದ, 1924ರಲ್ಲಿ ಇಂಗ್ಲಿಷ್ ಅನುವಾದದಲ್ಲಿ ಬೆಳಕು ಕಂಡು ಸೋವಿಯತ್ ಒಕ್ಕೂಟದಲ್ಲಿ 1988ರವರೆಗೆ ಅಚ್ಚಾಗದೆ ಉಳಿದ ‘ವಿ’ ಕಾದಂಬರಿಯಲ್ಲಿ ಪ್ರಜೆಗಳಿಗೆ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಗಂಡುಹೆಣ್ಣು ಕೂಡಬೇಕಾದರೂ ಗುಲಾಬಿ ಬಣ್ಣದ ಚೀಟಿ ಪಡೆಯಬೇಕು. ಅಲ್ಲಿ ಬಂಡುಕೋರ ಹೆಣ್ಣೊಬ್ಬಳನ್ನು ಪ್ರೀತಿಸಿದ ನಾಯಕನು, ಕಲ್ಪನಾಶಕ್ತಿಯನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ, ಅವಳಿಗೆ ಕೊಡುವ ಚಿತ್ರಹಿಂಸೆಯನ್ನು ನಿರ್ಲಿಪ್ತನಾಗಿ ನೋಡುತ್ತಾನೆ. ಜಾರ್ಜ್ ಆರ್ವೆಲ್‌ನ 1949ರ ಕಾದಂಬರಿಯಲ್ಲಿ ವಿನ್‌ಸ್ಟನ್ ಮತ್ತು ಜೂಲಿಯಾ ಬಾಡಿಗೆಗೆ ಹಿಡಿದ ಗುಟ್ಟಿನ ಕೋಣೆಯ ಗೋಡೆಯ ಮೇಲಿನ ಚಿತ್ರದ ಹಿಂದೆಯೇ ಸರ್ಕಾರದ ಕಣ್ಗಾವಲಿನ ಯಂತ್ರವಿರುತ್ತದೆ, ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಾರೆ.

ಅಮೆರಿಕದಲ್ಲಿ ಹದಿಹರೆಯದ ಓದುಗರಿಗಾಗಿ ಬಂದ ಡಿಸ್ಟೋಪಿಯಾ ಕಾದಂಬರಿಗಳು ಈ ಎಳೆಯನ್ನು ಮುಂದುವರಿಸಿದವು. ಲೋಯಿಸ್ ಲೌರಿಯ ‘ದಿ ಗಿವರ್’ (1993) ಕೃತಿಯ ಸಮಾಜವು ಹರೆಯದ ಆಕರ್ಷಣೆಯನ್ನು ದಿನಕ್ಕೊಂದು ಮಾತ್ರೆಯಿಂದ ಅಡಗಿಸುತ್ತದೆ. ಆಲಿ ಕಾಂಡಿಯ ‘ಮ್ಯಾಚ್ಡ್’ (2010) ಕೃತಿಯಲ್ಲಿ ಬಾಳಸಂಗಾತಿಯನ್ನು ಆರಿಸುವವರು ಅಧಿಕಾರಿಗಳು. ಲಾರೆನ್ ಆಲಿವರ್‌ಳ ‘ಡಿಲೀರಿಯಂ’ (2011) ಕೃತಿಯಲ್ಲಿ ಪ್ರೇಮವೆಂಬುದು ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಬೇಕಾದ ರೋಗ. ಇವೆಲ್ಲವುಗಳಲ್ಲಿ ಪ್ರಭುತ್ವವು ಪ್ರೇಮಕ್ಕೆ ಅಂಜಿ ಅದನ್ನು ತಡೆಯುತ್ತದೆ. ಸುಝನ್ ಕಾಲಿನ್ಸ್ 2008ರಿಂದ 2010ರವರೆಗೆ ವರ್ಷಕ್ಕೊಂದರಂತೆ ಪ್ರಕಟಿಸಿದ ‘ಹಂಗರ್ ಗೇಮ್ಸ್’ ಸರಣಿಯ ಮೂರು ಸಂಪುಟಗಳು ಇವುಗಳಿಂದ ಬೇರೆಯಾಗಿ ನಿಲ್ಲುವುದು ಇಲ್ಲಿಯೇ: ಆ ಕಥೆಯ ಪ್ರಭುತ್ವವು ಪ್ರೇಮವನ್ನು ನಿಷೇಧಿಸುವುದಿಲ್ಲ, ಅದನ್ನು ಪ್ರದರ್ಶನಕ್ಕಿಟ್ಟು ಜನರನ್ನು ರಂಜಿಸುತ್ತದೆ.

ಕ್ಯಾಪಿಟಲ್ ಎಂಬ ವೈಭವದ ರಾಜಧಾನಿಗೆ ಅಡಿಯಾಳಾದ ಹನ್ನೆರಡು ಜಿಲ್ಲೆಗಳು, ಹಿಂದೊಮ್ಮೆ ದಂಗೆಯೆದ್ದುದಕ್ಕೆ ದಂಡವಾಗಿ, 12ರಿಂದ 18 ವರ್ಷದೊಳಗಿನ ತಲಾ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಪ್ರತಿವರ್ಷ ಕಾಳಗದ ಕಣಕ್ಕೆ ಕಳಿಸಬೇಕಾಗಿರುವುದು ಕಥೆಯ ಹಂದರ. ಕಾಲಿನ್ಸ್ ಸ್ವತಃ ಹೇಳಿರುವಂತೆ, ದೂರದರ್ಶನದ ವಾಹಿನಿಗಳನ್ನು ಬದಲಿಸುತ್ತಿದ್ದಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಬೆರೆತುಹೋದದ್ದು, ಗ್ರೀಕ್ ಪುರಾಣದ ಥೀಸಿಯಸ್‌ನ ಕಥೆ ಹಾಗೂ ರೋಮನ್ ಗ್ಲಾಡಿಯೇಟರ್‌ಗಳ ಇತಿಹಾಸ ಈ ಕಲ್ಪನೆಗೆ ಮೂಲ. ಕಣಕ್ಕಿಳಿಯುವ ಮುನ್ನ ಪೀಟಾ ಎಂಬ ಹುಡುಗನು ತನ್ನ ಜಿಲ್ಲೆಯವಳೇ ಆದ ಕ್ಯಾಟ್ನಿಸ್‌ಳ ಮೇಲಿನ ಪ್ರೀತಿಯನ್ನು ವೇದಿಕೆಯ ಮೇಲೆ ಸಾರುತ್ತಾನೆ. ಆಮೇಲೆ ಕಣದಲ್ಲಿ ಅವಳಿತ್ತ ಒಂದು ಮುತ್ತಿಗೆ ಪ್ರತಿಫಲವಾಗಿ ಬಿಸಿ ಸಾರಿನ ಪಾತ್ರೆ ಮೇಲಿನಿಂದ ಇಳಿದು ಬರುತ್ತದೆ. ನೋಡುಗರು ಪ್ರೇಮಕಥೆಗೆ ಮರುಳಾದುದನ್ನು ಕಂಡ ಆಯೋಜಕರು ಇಬ್ಬರೂ ಗೆಲ್ಲಬಹುದೆಂದು ನಿಯಮ ಬದಲಿಸಿ, ಕೊನೆಯ ಗಳಿಗೆಯಲ್ಲಿ ಅದನ್ನು ಹಿಂತೆಗೆದುಕೊಂಡಾಗ, ಅವರಿಬ್ಬರೂ ವಿಷದ ಹಣ್ಣನ್ನು ಒಟ್ಟಿಗೆ ತಿನ್ನಲು ಸಿದ್ಧರಾಗುತ್ತಾರೆ. ತಾನೇ ಮಾರಿದ ಪ್ರೇಮಕಥೆಯ ಬಲೆಗೆ ಬಿದ್ದ ರಾಜಧಾನಿಯು ಸೋಲೊಪ್ಪಬೇಕಾಗುತ್ತದೆ. ಮುಂದೆ ಅಧ್ಯಕ್ಷ ಸ್ನೋ ಕ್ಯಾಟ್ನಿಸ್‌ಳ ಮನೆಗೇ ಬಂದು, ಆ ಕೃತ್ಯ ಪ್ರೇಮದ ಉನ್ಮಾದವೇ ಹೊರತು ಪ್ರತಿಭಟನೆಯಲ್ಲವೆಂದು ನಂಬಿಸಬೇಕೆಂದು ಬೆದರಿಸುವುದರ ಅರ್ಥ ಸ್ಪಷ್ಟ: ಅವಳ ಪ್ರೇಮ ನಟನೆಯೆಂದಾದರೆ, ಅವಳು ಮಾಡಿದ್ದು ದಂಗೆ.

ಇಡೀ ಕಥೆಯನ್ನು ಕ್ಯಾಟ್ನಿಸ್‌ಳೇ ಹೇಳುವುದರಿಂದ ಅವಳಿಗೆ ತಿಳಿಯದ್ದು ಮೊದಲ ಓದಿನಲ್ಲಿ ಓದುಗರಿಗೂ ತಿಳಿಯದು. ಅಡಗಿದ ಬಂಡಾಯವು ಕಾಣತೊಡಗುವುದು ಮರುಓದಿನಲ್ಲಿ. ಎರಡನೆಯ ಸಂಪುಟದ ಔತಣಕೂಟದಲ್ಲಿ ಪ್ಲೂಟಾರ್ಕ್ ಎಂಬ ಆಯೋಜಕನು ತನ್ನ ಗಡಿಯಾರದಲ್ಲಿ ಕ್ಷಣಮಾತ್ರ ಮಿನುಗಿಸುವ ಹಕ್ಕಿಯ ಚಿತ್ರವು ಆಗ ಶ್ರೀಮಂತನೊಬ್ಬನ ಶೋಕಿಯಂತೆ ತೋರಿದರೆ, ಕಥೆ ತಿಳಿದವರಿಗೆ ಅದು ಬಂಡುಕೋರನ ಗುರುತಾಗಿ ಕಾಣುತ್ತದೆ. ಹಾಗೆಯೇ, ಕಣದಲ್ಲಿದ್ದವರಿಗೆ ಬಂದ ಬ್ರೆಡ್ಡು ಯಾವ ಜಿಲ್ಲೆಯದೆಂಬುದು ಅವರು ಪಾರಾಗುವ ದಿನವನ್ನೂ, ಅದರ ಎಣಿಕೆ ಗಂಟೆಯನ್ನೂ ಸೂಚಿಸುವ ಸಂಕೇತವಾಗಿತ್ತು. ಆ ಹಕ್ಕಿಯ ಹುಟ್ಟಿನಲ್ಲಿಯೇ ಇಂಥದೊಂದು ಕಥೆಯಿದೆ: ದಂಗೆಕೋರರ ಮಾತನ್ನು ಕದ್ದು ಕೇಳಲೆಂದು ರಾಜಧಾನಿ ಸೃಷ್ಟಿಸಿ ಕಾಡಿಗೆ ಬಿಟ್ಟ ಹಕ್ಕಿಗಳು ಬೇರೆ ಹಕ್ಕಿಗಳೊಡನೆ ಕೂಡಿದಾಗ, ಯಾರ ಯೋಜನೆಯಲ್ಲಿಯೂ ಇರದಿದ್ದ ಮಾಕಿಂಗ್‌ಜೇ ಎಂಬ ಹೊಸ ಜಾತಿ ಹುಟ್ಟಿತು. ಪ್ರಭುತ್ವ ತನ್ನ ಲಾಭಕ್ಕೆಂದು ಬೆಳೆಸಿದ ಪ್ರೇಮಕಥೆಯೂ ಹಾಗೆಯೇ ಅದರ ಕೈಮೀರಿ ಹೋಗುತ್ತದೆ.

ಮೂರನೆಯ ಸಂಪುಟವು ಈ ವಿಚಾರವನ್ನು ಕಠಿಣ ಪರೀಕ್ಷೆಗೆ ಒಡ್ಡುತ್ತದೆ. ರಾಜಧಾನಿಯು ಪೀಟಾನ ನೆನಪುಗಳನ್ನು ವಿಷದಿಂದ ತಿರುಚಿ ಅವನ ಪ್ರೀತಿಯನ್ನು ಕೊಲ್ಲುವ ದ್ವೇಷವಾಗಿಸಿದರೆ, ಬಂಡುಕೋರರು ಕ್ಯಾಟ್ನಿಸ್‌ಳ ದುಃಖವನ್ನು ಪ್ರಚಾರದ ಚಿತ್ರಗಳಿಗೆ ಸರಕಾಗಿಸುತ್ತಾರೆ. ಅಂತಿಮವಾಗಿ ಅವಳ ಬಾಣ ಬಂಡಾಯದ ನಾಯಕಿ ಕಾಯಿನ್‌ಳ ಕಡೆಗೇ ತಿರುಗುತ್ತದೆ. ಸರಣಿಯು ಹೊಸದಾಗಿ ಬಂದಾಗ ಕ್ಯಾಟ್ನಿಸ್ ಪೀಟಾನನ್ನು ಆರಿಸುತ್ತಾಳೋ ತನ್ನ ಹಳೆಯ ಗೆಳೆಯ ಗೇಲ್‌ನನ್ನೋ ಎಂಬ ಚರ್ಚೆಯೇ ಓದುಗರಲ್ಲಿ ಜೋರಾಗಿತ್ತು. ಆದರೆ ಸಿಡಿಮದ್ದಿನ ಬಲೆಗಳನ್ನು ಯೋಜಿಸಿದ ಗೇಲ್‌ನಿಂದ ಅವಳು ದೂರವಾಗುವುದೆಂದರೆ, ಯುದ್ಧದಲ್ಲಿ ಯಾವುದನ್ನೂ ಮಾಡಬಹುದೆಂಬ ನಿಲುವಿನಿಂದಲೂ ದೂರವಾಗುವುದೇ ಆಗಿದೆ.

ಪ್ರೇಮದೊಳಗೇ ಬಂಡಾಯವಿದೆಯೆಂಬ ಈ ಅರ್ಥವನ್ನು ಪುಸ್ತಕದಾಚೆಗೆ ಕೊಂಡೊಯ್ದವರು ಏಷ್ಯಾದ ತರುಣರು. 2014ರ ಮೇ 22ರಂದು ಥಾಯ್ಲೆಂಡಿನಲ್ಲಿ ಸೇನೆಯು ಅಧಿಕಾರ ಹಿಡಿದ ಮೇಲೆ, ಪ್ರತಿಭಟನಾಕಾರರು ಸರಣಿಯಲ್ಲಿರುವ ಮೂರು ಬೆರಳಿನ ವಂದನೆಯನ್ನು ತಮ್ಮದಾಗಿಸಿಕೊಂಡರು; ಆ ವರ್ಷದ ನವೆಂಬರಿನಲ್ಲಿ ಖೋನ್ ಕೇನ್ ನಗರದಲ್ಲಿ ಪ್ರಧಾನಿ ಪ್ರಯುತ್ ಚಾನ್ ಓಚಾ ಅವರೆದುರು ಬೆರಳೆತ್ತಿದ ಐವರು ವಿದ್ಯಾರ್ಥಿಗಳನ್ನು ವಶಕ್ಕೆ ಪಡೆಯಲಾಯಿತು. 2021ರಲ್ಲಿ ಮ್ಯಾನ್ಮಾರಿನ ಸೇನಾ ಕ್ಷಿಪ್ರಕ್ರಾಂತಿಯ ನಂತರ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಆ ದೇಶದ ರಾಯಭಾರಿ ಕ್ಯಾವ್ ಮೊ ಟುನ್ ಅವರೂ ಅದೇ ವಂದನೆ ಸಲ್ಲಿಸಿದರು. ಕಾದಂಬರಿಯಲ್ಲಿ ಆ ವಂದನೆ ಹುಟ್ಟುವುದು ದಂಗೆಯ ಸಂಕೇತವಾಗಿ ಅಲ್ಲ. ಶವಸಂಸ್ಕಾರಗಳಲ್ಲಿ ಅಪರೂಪಕ್ಕೆ ಬಳಕೆಯಾಗುವ ಅದು ಕೃತಜ್ಞತೆಯನ್ನೂ ಮೆಚ್ಚುಗೆಯನ್ನೂ ಪ್ರೀತಿಪಾತ್ರರಿಗೆ ಹೇಳುವ ವಿದಾಯವನ್ನೂ ಸೂಚಿಸುತ್ತದೆ. ಪ್ರೀತಿಯ ಒಂದು ಹಳೆಯ ಪದ್ಧತಿಗೆ ಪ್ರಭುತ್ವಗಳು ಬೆದರುತ್ತವೆಯೆಂದ ಮೇಲೆ, ಈ ಸರಣಿಯಲ್ಲಿ ಪ್ರೇಮಕಥೆಯನ್ನು ಒಂದು ಕಡೆಗೂ ರಾಜಕೀಯವನ್ನು ಇನ್ನೊಂದು ಕಡೆಗೂ ವಿಂಗಡಿಸಿ ಓದುವ ಕ್ರಮಕ್ಕೆ ಆಧಾರ ಉಳಿಯುವುದಿಲ್ಲ.