‘ನೋ ಪೆಪ್ಪರ್’ ಬೋರ್ಡ್‌ಗೂ ಕಾಳುಮೆಣಸಿಗೂ ಸಂಬಂಧವಿದೆಯೇ?

ಅಮೆರಿಕದ ಕೆಲವು ಬೇಸ್‌ಬಾಲ್ ಮೈದಾನಗಳ ಗೋಡೆ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ನೋ ಪೆಪ್ಪರ್’ ಎಂದು ಬರೆದಿರುತ್ತದೆ. ಇಂಥ ಫೋಟೊ ಮೊಬೈಲಿಗೆ ಬಂದರೆ ಯಾರಿಗಾದರೂ ಗೊಂದಲವಾಗುವುದು ಸಹಜ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ಗಿಡಗಳ ನಡುವೆ ಮೆಣಸಿನ ಬಳ್ಳಿ ನೋಡಿದವರಿಗೆ ಪೆಪ್ಪರ್ ಎಂದರೆ ಕಾಳುಮೆಣಸು, ಇನ್ನು ಕೆಲವರಿಗೆ ಪೆಪ್ಪರ್ ಸ್ಪ್ರೇ. ಎರಡೂ ಅಲ್ಲ. ಇಲ್ಲಿ ಪೆಪ್ಪರ್ ಎಂಬುದು ಒಂದು ಆಟದ ಹೆಸರು.

ಪಂದ್ಯಕ್ಕೆ ಮುಂಚೆ ಮೈ ಬೆಚ್ಚಗಾಗಲು ಆಟಗಾರರು ಆಡುತ್ತಿದ್ದ ಹಳೆಯ ಆಟ ಇದು. ಒಬ್ಬ ಬ್ಯಾಟ್ ಹಿಡಿದು ನಿಲ್ಲುತ್ತಾನೆ. ಐದಾರು ಮೀಟರ್ ದೂರದಲ್ಲಿ ನಾಲ್ಕೈದು ಜನ ಸಾಲಾಗಿ ನಿಲ್ಲುತ್ತಾರೆ. ಅವರಲ್ಲೊಬ್ಬ ಚೆಂಡನ್ನು ಮೆಲ್ಲಗೆ ಎಸೆದರೆ, ಬ್ಯಾಟ್ ಹಿಡಿದವನು ಅದನ್ನು ನೆಲಕ್ಕೆ ತಾಗುವಂತೆ ತಟ್ಟಿ ವಾಪಸ್ ಕಳಿಸುತ್ತಾನೆ. ಹಿಡಿದವನು ತಡಮಾಡದೆ ಮತ್ತೆ ಎಸೆಯುತ್ತಾನೆ. ನಮ್ಮಲ್ಲಿ ಕ್ರಿಕೆಟ್ ಹುಡುಗರು ಮ್ಯಾಚ್‌ಗೆ ಮೊದಲು ಹತ್ತಿರ ನಿಂತು ‘ಕ್ಯಾಚ್ ಕೊಡು’ ಎಂದು ಆಡುತ್ತಾರಲ್ಲ, ಹೆಚ್ಚುಕಡಿಮೆ ಅದೇ. 1920ರ ದಶಕದಲ್ಲಿ ಮಿಷಿಗನ್ ರಾಜ್ಯದ ‘ಹೌಸ್ ಆಫ್ ಡೇವಿಡ್’ ಎಂಬ ತಂಡ ಇದನ್ನು ಜನ ನೋಡಲೆಂದೇ ಆಡುತ್ತಿತ್ತು. ಉದ್ದ ಗಡ್ಡ ಬಿಟ್ಟ ಆ ಆಟಗಾರರು ಚೆಂಡನ್ನು ಬೆನ್ನ ಹಿಂದಿನಿಂದ, ತೋಳಿನ ಮೇಲಿಂದ ಉರುಳಿಸುವ ಚಮತ್ಕಾರಕ್ಕೇ ಹೆಸರಾಗಿದ್ದರು.

ಇಷ್ಟು ಸಾಧುವಾದ ಆಟಕ್ಕೆ ನಿಷೇಧವೇಕೆ? ಒಂದು ಕಾರಣ ಹುಲ್ಲು. ಆಟಗಾರರು ದಿನವೂ ಅದೇ ಜಾಗದಲ್ಲಿ ನಿಂತರೆ ಹುಲ್ಲು ಸವೆದು ಮಣ್ಣು ಕಾಣುತ್ತದೆ. ಕ್ರಿಕೆಟ್‌ನಲ್ಲೂ ಇಂಥ ನಿಯಮವಿದೆ. ಎಂಸಿಸಿಯ 26ನೇ ನಿಯಮದ ಪ್ರಕಾರ ಪಂದ್ಯದ ದಿನ ಪಿಚ್ ಮೇಲೆ ಯಾವ ಹೊತ್ತಿನಲ್ಲೂ ಅಭ್ಯಾಸ ಮಾಡುವಂತಿಲ್ಲ.

ಎರಡನೆಯದು ಪ್ರೇಕ್ಷಕರ ಸುರಕ್ಷತೆ. ಇದೇ ಮುಖ್ಯ ಎನ್ನುವುದು ನಮ್ಮ ಅಭಿಪ್ರಾಯ. ಬೇಸ್‌ಬಾಲ್ ಚೆಂಡಿನ ತೂಕ 142ರಿಂದ 149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪವೇ ಕಡಿಮೆ. ತಪ್ಪಾಗಿ ತಾಗಿದ ಚೆಂಡು ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದರೆ 6 ಮೀಟರ್ ದಾಟಲು ಸುಮಾರು 0.36 ಸೆಕೆಂಡ್ ಸಾಕು. ಕಣ್ಣು ಕಂಡು ಕೈ ಅಲ್ಲಾಡಲು ಶುರುವಾಗುವುದಕ್ಕೇ 0.2 ಸೆಕೆಂಡ್ ಬೇಕು. ಚೆಂಡನ್ನೇ ನೋಡುತ್ತಿರುವ ಆಟಗಾರ ತಪ್ಪಿಸಿಕೊಂಡಾನು. ಆದರೆ ಪಂದ್ಯವೇ ಶುರುವಾಗಿಲ್ಲವೆಂದು ಮೊಬೈಲ್ ನೋಡುತ್ತಾ ಕೂತವರಿಗೆ ಅಷ್ಟು ಸಮಯ ಎಲ್ಲಿದೆ? ಅಲ್ಲಿನ ಮೇಜರ್ ಲೀಗ್‌ನ ಎಲ್ಲ 30 ತಂಡಗಳೂ 2020ರ ಋತುವಿಗೆ ಪ್ರೇಕ್ಷಕರ ಮುಂದಿನ ರಕ್ಷಣಾ ಬಲೆಯನ್ನು ವಿಸ್ತರಿಸಲಿವೆ ಎಂದು ಪ್ರಕಟಿಸಿದ್ದೂ ಇದೇ ಭಯದಿಂದ. ಈಗ ಪೆಪ್ಪರ್ ಆಡುವವರು ಕಡಿಮೆ, ಬೋರ್ಡ್ ಮಾತ್ರ ಉಳಿದಿದೆ.

ಅಭ್ಯಾಸದಲ್ಲಿ ಏನಾಗುತ್ತದೆ ಬಿಡಿ ಎನ್ನುವವರಿಗೆ ಇನ್ನೊಂದು ಉದಾಹರಣೆ. 2020ರ ಜನವರಿಯಲ್ಲಿ ಕೇಪ್‌ಟೌನ್ ಟೆಸ್ಟ್‌ಗೆ ಮುನ್ನ ಇಂಗ್ಲೆಂಡ್‌ನ ರೋರಿ ಬರ್ನ್ಸ್ ಫುಟ್‌ಬಾಲ್ ಆಡುತ್ತಾ ಪಾದದ ಕೀಲಿಗೆ ಗಾಯ ಮಾಡಿಕೊಂಡು ಸರಣಿಯಿಂದಲೇ ಹೊರಬಿದ್ದರು. ಆ ತಂಡ ಅಭ್ಯಾಸದಲ್ಲಿ ಫುಟ್‌ಬಾಲ್ ಆಡುವುದನ್ನೇ ನಿಲ್ಲಿಸಿತು.

ಕೊಳ್ಳೇಗಾಲ, ಹನೂರು, ಯಳಂದೂರಿನ ಮೈದಾನಗಳಲ್ಲಿ ಪೆಪ್ಪರ್ ಇಲ್ಲ, ಬೇಸ್‌ಬಾಲೂ ಇಲ್ಲ. ಇರುವುದು ಟೆನಿಸ್ ಬಾಲ್ ಕ್ರಿಕೆಟ್ ಮತ್ತು ರಜೆಯಲ್ಲಿ ಚಿನ್ನಿದಾಂಡು. ಚಿನ್ನಿಯ ಎರಡೂ ತುದಿ ಚೂಪು, ಅದು ಹಾರುವ ದಿಕ್ಕು ಹೊಡೆದವನ ಕೈಯಲ್ಲೂ ಇಲ್ಲ. ಟೆನಿಸ್ ಬಾಲ್ ಮೆತ್ತಗಿದ್ದರೂ ಕಣ್ಣಿಗೆ ಜೋರಾಗಿ ಬಿದ್ದರೆ ಒಳಗೆ ರಕ್ತಸ್ರಾವವಾಗಬಹುದು.

ಹೀಗೆ ಪೆಟ್ಟಾದಾಗ ಎದೆಹಾಲು ಬಿಡಿ, ಎಣ್ಣೆ ಬಿಡಿ, ಉಜ್ಜಿ ಊದಿ ಎನ್ನುವ ಸಲಹೆ ನಮ್ಮ ಕಡೆ ಇಂದಿಗೂ ಕೇಳಿಬರುತ್ತದೆ. ಯಾವುದನ್ನೂ ಮಾಡಬೇಡಿ. ಅದರಿಂದ ಸೋಂಕು ತಗಲಬಹುದು, ಒಳಗಿನ ಗಾಯ ದೊಡ್ಡದಾಗಬಹುದು. ಮನೆಯಲ್ಲಿ ಉಳಿದಿರುವ ಹಳೆಯ ಕಣ್ಣಿನ ಡ್ರಾಪ್ಸ್ ಕೂಡ ಬೇಡ. ಬರೀ ಊತವಿದ್ದರೆ ಒದ್ದೆ ತಣ್ಣನೆಯ ಬಟ್ಟೆಯನ್ನು ಒತ್ತದೆ ಕಣ್ಣಿನ ಸುತ್ತ ಇಡಬಹುದು. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬಾರದು, ತೊಳೆಯಲೂ ಬಾರದು. ಕಣ್ಣಿಗೆ ತಾಗದಂತೆ ಪೇಪರ್ ಕಪ್ ಮುಚ್ಚಿ ಹೊರಡಿ. ಮಂಜಾಗಿ ಕಾಣುವುದು, ಒಂದು ವಸ್ತು ಎರಡಾಗಿ ಕಾಣುವುದು, ಕರಿಗುಡ್ಡೆಯ ಮುಂದೆ ರಕ್ತ ನಿಂತಿರುವುದು, ಮಿಂಚಿನಂಥ ಬೆಳಕು ಕಾಣುವುದು, ಇದರಲ್ಲಿ ಯಾವುದಿದ್ದರೂ ಅದೇ ದಿನ ಕಣ್ಣಿನ ವೈದ್ಯರು ನೋಡಬೇಕು. ಹನೂರಿನಾಚೆಯ ಕಾಡಂಚಿನ ಊರುಗಳಿಂದ ಆಸ್ಪತ್ರೆ ದೂರ. ನಾಳೆ ನೋಡೋಣ ಎಂದು ಕಾಯದೆ 108ಕ್ಕೆ ಕರೆ ಮಾಡಿ.